ಭಾವ ಚಾಕು ಕೊಂಡ ವಾರ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಒಂದು ಬಾಚಣಿಗೆ ಕೊಳ್ಳಬೇಕಾದರೂ ಊರವರನ್ನೆಲ್ಲ ವಿಚಾರಿಸುವ ಮನುಷ್ಯ. ಬೋಳುತಲೆಯವರನ್ನೂ ಬಿಡುವುದಿಲ್ಲ. ಅವರನ್ನು ಯಾಕೆ ಕೇಳಬೇಕು ಎಂದರೆ, "ಅನುಭವ ಇರೋದೇ ಅವರಿಗೆ ಕಣೋ, ತಪ್ಪು ಬಾಚಣಿಗೆ ಬಳಸಿಯೇ ಆ ಸ್ಥಿತಿಗೆ ಬಂದಿರಬಹುದು" ಎನ್ನುತ್ತಾರೆ. ಇಂಥವರು ಒಂದು ಮಡಚುವ ಚಾಕು ಕೊಳ್ಳಲು ಹೊರಟರೆ ಏನಾಗಬೇಕೋ ಅದೇ ಆಯಿತು.

ಚಾಕುವಿಗೆ ಮೊದಲು ಕಾರಿನ ವಿಷಯ ಹೇಳಬೇಕು. ಐವತ್ತು ದಾಟಿದ ಮೇಲೆ ಭಾವ ತಮ್ಮ ಜೀವನದ ಮೊದಲ ಕಾರು ಕೊಂಡರು. ಯಾರೋ ಬಳಸಿ ಬಿಟ್ಟದ್ದು, ಒಂದು ಕಾಲದಲ್ಲಿ ನೀಲಿ ಬಣ್ಣದ್ದು. ದಿನಾ ಬೆಳಿಗ್ಗೆ ಅದನ್ನು ಒರೆಸುತ್ತಿದ್ದರು, ಒರೆಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದರು, ನೋಡಿ ತಾವೇ ನಾಚಿಕೊಳ್ಳುತ್ತಿದ್ದರು. ಆದರೆ ಅದನ್ನು ನಿಲ್ಲಿಸಲು ಜಾಗವಿರಲಿಲ್ಲ. ರಸ್ತೆಯ ಪಕ್ಕ ನಿಲ್ಲಿಸಿದರೆ ಎಳೆದೊಯ್ಯುವ ಗಾಡಿ ಬಂದು ಮೂತಿ ಎತ್ತಿ ಕೊಂಡೊಯ್ಯುತ್ತಿತ್ತು. ಹಾಗೆ ಎರಡು ಸಲ ಆಯಿತು. ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುವ ನಮ್ಮಕ್ಕ ಜಗತ್ತಿನ ಯಾವ ಗೋಳಿಗೂ ಕರಗುವವಳಲ್ಲ. "ಇನ್ನೊಂದು ಸಲ ಎಳ್ಕೊಂಡು ಹೋದ್ರೆ ಬಿಡಿಸ್ಕೊಂಡು ಬರೋದು ಬೇಡ. ಅಲ್ಲಿಂದಲೇ ಮಾರಿಬಿಡಿ" ಎಂದು ಹೇಳಿಬಿಟ್ಟಳು.

ಆ ಹೊತ್ತಿಗೆ ಸರಿಯಾಗಿ ನಾವಿದ್ದ ಕಟ್ಟಡದ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ, ಒಂದು ಜಾಗ ಖಾಲಿಯಾಯಿತು. ಅದಕ್ಕೆ ಆಸೆಪಟ್ಟವರು ಇಬ್ಬರು. ಒಬ್ಬರು ಭಾವ. ಇನ್ನೊಬ್ಬರು ಮೇಲ್ಮನೆಯ ತಕ್ಕಡಿ ಸಾಹೇಬರು. ಇವರು ಅಳತೆ-ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು, ದೊಡ್ಡ ಹೊಟ್ಟೆಯವರು, ಅಷ್ಟೇ ದೊಡ್ಡ ದನಿಯವರು. ಅವರಿಗೂ ಒಂದು ಕಾರಿತ್ತು, ಅದೂ ರಸ್ತೆಯಲ್ಲೇ ನಿಲ್ಲುತ್ತಿತ್ತು. ಯಾರಿಗೆ ಜಾಗ ಎಂದು ಭಾನುವಾರ ನಿವಾಸಿಗಳ ಸಂಘದ ಸಭೆಯಲ್ಲಿ ಕೈ ಎತ್ತಿ ತೀರ್ಮಾನಿಸುವುದಾಗಿ ಕಾರ್ಯದರ್ಶಿಗಳು ಪ್ರಕಟಿಸಿದರು. ಕಾರ್ಯದರ್ಶಿಗಳೆಂದರೆ ಕೆಳಮನೆಯ ಹಲ್ಲಿನ ಡಾಕ್ಟರು. ಸಾಹೇಬರ ದನಿಯ ಮುಂದೆ ಭಾವ ಗೆಲ್ಲುವುದುಂಟೇ ಎಂದು ನಾನು ಆಗಲೇ ಕಾರಿನ ಆಸೆ ಬಿಟ್ಟಿದ್ದೆ.

ಇಂಥ ವಾರದಲ್ಲಿ ಗ್ಯಾರೇಜಿನವನು ಭಾವನ ಕಿವಿಯಲ್ಲಿ ಒಂದು ಮಾತು ಹಾಕಿದ. "ಸಾರ್, ಗಾಡಿಲಿ ಒಂದು ಚಾಕು ಇಟ್ಟಿರಿ. ಏನಾದ್ರೂ ಆಗಿ ಸೀಟು ಬೆಲ್ಟು ಸಿಕ್ಕಿಹಾಕ್ಕೊಂಡ್ರೆ ಬಿಚ್ಚೋಕಾಗಲ್ಲ, ಕತ್ತರಿಸ್ಬೇಕು. ದಾರಿಲಿ ಹಗ್ಗ ಕೊಯ್ಯೋಕೂ ಆಗತ್ತೆ."

ಅಷ್ಟೇ ಸಾಕಾಯಿತು. ಮನೆಗೆ ಬಂದವರೇ ಅಕ್ಕನ ಮುಂದೆ ಚಾಕುವಿನ ಪ್ರಸ್ತಾಪ ಇಟ್ಟರು.

"ಅಡುಗೆಮನೇದು ತಗೊಂಡು ಹೋಗಿ," ಎಂದಳು ಅಕ್ಕ.

"ಅದು ಮಡಚಲ್ವಲ್ಲೇ."

"ನಿಮ್ಮ ಕಾರು ಮಡಚೋ ಹಾಗಿದ್ರೆ ಚೆನ್ನಾಗಿತ್ತು. ಮಂಚದ ಕೆಳಗೆ ತಳ್ಳಬಹುದಿತ್ತು."

ಭಾವ ಇದಕ್ಕೆಲ್ಲ ಬೇಸರಪಡುವವರಲ್ಲ. ಮರುದಿನವೇ ನನ್ನನ್ನು ಎಳೆದುಕೊಂಡು ಅಂಗಡಿಗೆ ಹೊರಟರು. ಡೇರೆ, ಹಗ್ಗ, ಟಾರ್ಚು, ಬೆನ್ನಿಗೆ ಹಾಕುವ ಚೀಲ ಇವನ್ನೆಲ್ಲ ಮಾರುವ ಅಂಗಡಿ ಅದು. ಗಾಜಿನ ಪೆಟ್ಟಿಗೆಯೊಳಗೆ ಚಾಕುಗಳು ಸಾಲಾಗಿ ಮಲಗಿದ್ದವು. ಭಾವ ಮೂಗನ್ನು ಗಾಜಿಗೆ ಒತ್ತಿ ನಿಂತರು, ಅವರ ಉಸಿರಿಗೆ ಗಾಜು ಮಂಜಾಯಿತು, ಅಂಗಡಿಯವನು ಒರೆಸಿದ. ಮರದ ಹಿಡಿ ಒಳ್ಳೆಯದೋ ರಬ್ಬರ್ ಹಿಡಿಯೋ? ತುಕ್ಕು ಹಿಡಿಯದ ಉಕ್ಕು ಬೇಗ ಮೊಂಡಾಗುತ್ತದಂತೆ, ಮೊಂಡಾಗದ್ದು ಬೇಗ ತುಕ್ಕು ಹಿಡಿಯುತ್ತದಂತೆ, ಹಾಗಾದರೆ ಮನುಷ್ಯ ಏನು ಮಾಡಬೇಕು? ಅಲಗು ತೆರೆದಾಗ ಗಟ್ಟಿಯಾಗಿ ಕಚ್ಚಿಕೊಳ್ಳುವ ಲಾಕು ಯಾವುದರಲ್ಲಿದೆ? ಒದ್ದೆ ಕೈಯಲ್ಲಿ ತೆರೆಯಬಹುದೇ, ಎಡಗೈಯಲ್ಲಿ ತೆರೆಯಬಹುದೇ, ತಲೆಕೆಳಗಾಗಿ ನೇತಾಡುತ್ತಾ ತೆರೆಯಬಹುದೇ? ಬೆಲೆ ಮಾತ್ರ ಕಡಿಮೆ ಇರಬೇಕು. "ಸೀಟಿನ ಕೆಳಗೆ ಬಿದ್ದು ಕಳೆದುಹೋದ್ರೂ ದುಃಖ ಆಗಬಾರದು ನೋಡಿ" ಎಂದರು.

ಇಲ್ಲಿ ಭಾವನ ಉದ್ಯೋಗದ ಬಗ್ಗೆ ಹೇಳಲೇಬೇಕು, ಅನಾಹುತವೆಲ್ಲ ಅದರಿಂದಲೇ ಆದದ್ದು. ಅವರು ವಿಮಾ ಏಜೆಂಟ್. ಜನರಿಗೆ ಅವರವರ ಸಾವನ್ನು ಮನದಟ್ಟು ಮಾಡಿಕೊಟ್ಟು ಬದುಕುವ ವೃತ್ತಿ. ‘ಒಬ್ಬ ಮನುಷ್ಯನಿಗೆ ಅಪಘಾತವಾಯಿತು’ ಎಂದರೆ ಗಿರಾಕಿ ಆಕಳಿಸುತ್ತಾನೆ. ಗುರುತಿನವರೊಬ್ಬರನ್ನು ತಂದು ಆಸ್ಪತ್ರೆಯಲ್ಲಿ ಮಲಗಿಸಿದರೆ ಎದ್ದು ಕೂರುತ್ತಾನೆ. ಹೀಗೆ ಭಾವ ಮಲಗಿಸದ ನೆಂಟರಿಲ್ಲ. ನನ್ನನ್ನಂತೂ ಎಷ್ಟೋ ಸಲ ಕೊಂದಿದ್ದಾರೆ, ನಾನು ಸತ್ತ ರೀತಿ ಕೇಳಿ ಒಂದಿಬ್ಬರು ಸ್ಥಳದಲ್ಲೇ ಸಹಿ ಹಾಕಿದ್ದೂ ಉಂಟು. ಈ ಅಭ್ಯಾಸ ಅವರನ್ನು ತರಕಾರಿ ಕೊಳ್ಳುವಾಗಲೂ ಬಿಡುವುದಿಲ್ಲ.

"ಹೀಗೆ ಇಟ್ಕೊಳ್ಳಿ," ಎಂದರು ಭಾವ ಅಂಗಡಿಯವನಿಗೆ. "ಭಾರೀ ಆಸಾಮಿ. ನಮ್ಮ ಮೇಲ್ಮನೆ ತಕ್ಕಡಿ ಸಾಹೇಬರೇ ಅಂತ ಇಟ್ಕೊಳ್ಳಿ. ಕೂತಲ್ಲೇ ಕಟ್ಟಿಹಾಕಿದ ಹಾಗಾಗಿದೆ. ಅಲ್ಲಾಡೋಕಾಗ್ತಿಲ್ಲ. ಕೂಗಿದ್ರೂ ಯಾರಿಗೂ ಕೇಳಲ್ಲ. ಆಗ ಈ ಚಾಕುಲಿ ಒಂದೇ ಏಟಿಗೆ ಕೆಲಸ ಮುಗಿಯತ್ತೋ, ಇಲ್ಲಾ ಗರಗಸದ ಥರ ಎಳೀತಾ ಕೂರಬೇಕೋ?"

ನಮ್ಮ ಬೆನ್ನ ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ನಮ್ಮ ಹಲ್ಲಿನ ಡಾಕ್ಟರು, ಕೊಳ್ಳಲು ಆರಿಸಿದ್ದ ಟಾರ್ಚನ್ನು ನೆಲಕ್ಕೆ ಬಿಟ್ಟು ನಿಂತಿದ್ದರು. "ಓ ಡಾಕ್ಟ್ರೇ, ಬನ್ನಿ ಬನ್ನಿ, ನೀವೂ ಹರಿತ ಸಾಮಾನು ಹಿಡಿಯೋರೇ, ನಿಮ್ಮ ಅಭಿಪ್ರಾಯ ಏನು?" ಎಂದು ಭಾವ ಅಕ್ಕರೆಯಿಂದ ಕರೆದರು. ಡಾಕ್ಟರು ತಮಗೆ ಯಾವ ಅಭಿಪ್ರಾಯವೂ ಇಲ್ಲವೆಂದು ಹೇಳಿ, ಟಾರ್ಚನ್ನೂ ಎತ್ತಿಕೊಳ್ಳದೆ ಹೊರಟುಹೋದರು. ಪಾಪ, ಏನೋ ಅವಸರವಿರಬೇಕು ಎಂದುಕೊಂಡೆವು.

ಅಂದು ಚಾಕು ಕೊಳ್ಳಲಿಲ್ಲ. ಎರಡನ್ನು ನೋಡಿ ಹಿಂದಿರುಗಿಸುವ ಕರಾರಿನ ಮೇಲೆ ಮನೆಗೆ ತಂದರು. ಒಂದು ರಬ್ಬರ್ ಹಿಡಿಯದು, ಅಲಗಿನ ಬುಡದಲ್ಲಿ ಗರಗಸದ ಹಲ್ಲಿತ್ತು. ಇನ್ನೊಂದು ಬರೀ ಕಬ್ಬಿಣದ ದಪ್ಪ ಹಿಡಿಯದು, ನೋಡಲು ಒರಟು, ಬೆಲೆಯಲ್ಲಿ ಇನ್ನೂ ಅಗ್ಗ.

ಮರುದಿನದಿಂದ ಕಟ್ಟಡದಲ್ಲಿ ವಿಚಿತ್ರ ಬದಲಾವಣೆಗಳು ಕಾಣಿಸಿಕೊಂಡವು. ಮೆಟ್ಟಿಲ ಮೇಲೆ ಸದಾ ಬಿದ್ದಿರುತ್ತಿದ್ದ ಎದುರುಮನೆಯವರ ಚಪ್ಪಲಿಗಳು ಮಾಯವಾದವು. ಇಸ್ತ್ರಿಯವನು ಕೇಳದೆಯೇ ಬಟ್ಟೆ ತಂದುಕೊಟ್ಟು, ಭಾವನ ಅಂಗಿಯ ಕಾಲರನ್ನು ವಿಶೇಷವಾಗಿ ತೋರಿಸಿ, "ಸರಿಯಾಗಿದೆಯಾ ಸಾರ್? ಇಲ್ಲಾಂದ್ರೆ ಹೇಳಿ, ಮನಸ್ಸಲ್ಲಿ ಇಟ್ಕೋಬೇಡಿ" ಎಂದ. ಡಾಕ್ಟರು ಭಾವನಿಗೆ ಹಲ್ಲು ಉಚಿತವಾಗಿ ತೊಳೆದುಕೊಡುವುದಾಗಿ ಹೇಳಿಕಳಿಸಿದರು.

"ಜನ ಯಾಕೆ ಇದ್ದಕ್ಕಿದ್ದ ಹಾಗೆ ಒಳ್ಳೆಯವರಾದ್ರು?" ಭಾವನಿಗೆ ಭಾರೀ ಕುತೂಹಲ. ಅದೇ ಒಂದು ಸಂಶೋಧನೆಯಾಯಿತು. ಹವಾಮಾನ ಕಾರಣವಿರಬಹುದೇ ಎಂದು ಯೋಚಿಸಿದರು. ಕೊನೆಗೆ, "ಕಾರು ಕಣೋ. ಕಾರಿದ್ರೆ ಮನುಷ್ಯನಿಗೆ ಒಂದು ತೂಕ ಬರತ್ತೆ" ಎಂಬ ತೀರ್ಮಾನಕ್ಕೆ ಬಂದರು. ನಾನೂ ಒಪ್ಪಿಕೊಂಡೆ. ಒಪ್ಪದಿದ್ದರೆ ಅವರು ಎಲ್ಲರ ಮನೆಗೂ ಹೋಗಿ ಕೇಳಿಯೇಬಿಡುತ್ತಿದ್ದರು.

ಆದರೆ ತಕ್ಕಡಿ ಸಾಹೇಬರು ಮಾತ್ರ ಕಣ್ಣಿಗೇ ಬೀಳುತ್ತಿರಲಿಲ್ಲ. ಅವರ ದೊಡ್ಡ ದನಿ ಮೇಲಿನಿಂದ ಕೇಳುವುದೂ ನಿಂತಿತ್ತು. ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕರು. ಗೋಡೆಗೆ ಬೆನ್ನು ಅಂಟಿಸಿ, ಹೊಟ್ಟೆಯನ್ನು ಆದಷ್ಟು ಒಳಗೆಳೆದುಕೊಂಡು ದಾರಿ ಬಿಟ್ಟರು. ಭಾವ ನಿಂತರು. ಸಿಕ್ಕ ಗಿರಾಕಿಯನ್ನು ಅವರು ಬಿಟ್ಟವರೇ ಅಲ್ಲ.

"ಸಾಹೇಬ್ರೇ, ನೀವು ಇನ್ನೂ ಪಾಲಿಸಿ ಮಾಡಿಸಲೇ ಇಲ್ಲ ನೋಡಿ. ಮನುಷ್ಯನ ಜೀವ. ಇವತ್ತು ಇದ್ದೀರಿ. ಭಾನುವಾರದವರೆಗೆ ಇರ್ತೀರಿ ಅಂತ ಯಾರು ಬರೆದುಕೊಡ್ತಾರೆ?"

ಸಾಹೇಬರು ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಎದೆಗೆ ಅಡ್ಡ ಹಿಡಿದುಕೊಂಡರು. "ನಿಮ್ಮ ಮನೆಯೋರ ಗತಿ ಒಂದು ಸಲ ಯೋಚನೆ ಮಾಡಿ" ಎಂದು ಭಾವ ಅವರ ಭುಜ ತಟ್ಟಿ, ಶಿಳ್ಳೆ ಹಾಕುತ್ತಾ ಕೆಳಗಿಳಿದರು.

ಅಂದು ಸಂಜೆ ಪ್ರಯೋಗ ನಡೆಯಿತು. ಪ್ರಯೋಗಕ್ಕೆ ನಾನೇ ಬಲಿ. ನನ್ನನ್ನು ಊಟದ ಕುರ್ಚಿಯಲ್ಲಿ ಕೂರಿಸಿ, ಹಳೆಯ ಸೂಟ್‌ಕೇಸಿನ ಪಟ್ಟಿಯಿಂದ ಹೆಗಲಿಂದ ಸೊಂಟಕ್ಕೆ ಬಿಗಿದರು. ಭಾವ ಚಾಕು ತೆರೆಯುವ ಹೊತ್ತಿಗೆ ನಾನು ಅಪಘಾತಕ್ಕೆ ಸಿಕ್ಕವನ ಹಾಗೆ ಒದ್ದಾಡಬೇಕು. ಸೆಕೆಗೆ ಬಾಗಿಲು ತೆರೆದೇ ಇತ್ತು.

"ಇನ್ನೂ ಜೋರಾಗಿ ಒದ್ದಾಡೋ! ಹೀಗಾ ಒದ್ದಾಡೋದು? ಪ್ರಾಣ ಹೋಗ್ತಿದೆ ನಿಂದು!" ಎಂದು ಭಾವ ಎಡಗೈಯಲ್ಲಿ ಚಾಕು ಹಿಡಿದು ಹುರಿದುಂಬಿಸಿದರು.

"ಭಾವ, ಬೇಡ ಭಾವ, ನಿಮಗೆ ಎಡಗೈ ಅಭ್ಯಾಸ ಇಲ್ಲ!" ಎಂದು ನಾನು ನಿಜವಾಗಿಯೇ ಕೂಗಿದೆ.

ಬಾಗಿಲಲ್ಲಿ ಸಾಹೇಬರ ಹೆಂಡತಿ ನಿಂತಿದ್ದರು. ಕೈಯಲ್ಲಿ ಸೇಬುಗಳ ಬುಟ್ಟಿ. ರಾಜಿಗೆಂದು ತಂದದ್ದು ಎಂಬುದು ನಮಗೆ ಆಮೇಲೆ ತಿಳಿಯಿತು. ಭಾವ ಎಂದಿನ ಮರ್ಯಾದೆಯಿಂದ, "ಬನ್ನಿ ಅಮ್ಮಾ, ಇದೊಂದು ಮುಗಿಸಿಬಿಡ್ತೀನಿ. ಸಾಹೇಬರಂಥ ಭಾರೀ ಆಳಿಗೆ ಸರಿಹೋಗತ್ತಾ ಅಂತ ಇವನ ಮೇಲೆ ನೋಡ್ತಿದ್ದೀನಿ, ಇವನು ಸಣಕಲು" ಎಂದರು. ಆಕೆ ಬುಟ್ಟಿಯನ್ನು ಹೊಸಿಲಲ್ಲೇ ಇಟ್ಟು ಮೇಲಕ್ಕೆ ಓಡಿದರು. ಆ ವಯಸ್ಸಿನವರು ಹಾಗೆ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಅಷ್ಟರಲ್ಲಿ ಕಚೇರಿಯಿಂದ ಬಂದ ಅಕ್ಕ, ಕಟ್ಟಿಹಾಕಿದ್ದ ತಮ್ಮನನ್ನೂ ಬುಟ್ಟಿಯನ್ನೂ ನೋಡಿ, ಸೇಬು ಯಾರು ತಂದರು ಎಂದಷ್ಟೇ ಕೇಳಿದಳು.

ಎರಡು ಚಾಕುವೂ ಪಟ್ಟಿ ಕತ್ತರಿಸಿದವು. ಇದರಿಂದ ಭಾವನ ಕಷ್ಟ ಹೆಚ್ಚಾಯಿತು. ಒಂದು ಸೋತಿದ್ದರೆ ತೀರ್ಮಾನ ಸುಲಭವಾಗುತ್ತಿತ್ತು. ಇದರ ಮೇಲೆ ಇನ್ನೊಂದು ಒಗಟು ಎದುರಾಯಿತು. ಎರಡರ ಡಬ್ಬಿಯ ಮೇಲೂ ಒಂದೇ ತೂಕ ಅಚ್ಚಾಗಿತ್ತು, ಆದರೆ ಕೈಯಲ್ಲಿ ಹಿಡಿದರೆ ಕಬ್ಬಿಣದ ಹಿಡಿಯದು ಭಾರವೆನಿಸುತ್ತಿತ್ತು. ಭಾವ ಶನಿವಾರವಿಡೀ ಒಂದನ್ನು ಎಡಗೈಯಲ್ಲಿ, ಒಂದನ್ನು ಬಲಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಮನೆ ತುಂಬಾ ಓಡಾಡಿದರು. ಸಂಜೆ ಥಟ್ಟನೆ ನಿಂತು, "ಅಯ್ಯೋ ದಡ್ಡ! ಮೇಲ್ಮನೇಲೇ ತಕ್ಕಡಿ ಇದೆಯಲ್ಲೋ!" ಎಂದವರೇ ಎರಡು ಕೈಯಲ್ಲೂ ತೆರೆದ ಚಾಕು ಹಿಡಿದು ಮೆಟ್ಟಿಲು ಹತ್ತಿದರು. ನಾನು ಡಬ್ಬಿಗಳನ್ನು ಎತ್ತಿಕೊಂಡು ಹಿಂದೆ ಓಡಿದೆ.

ಕೈ ಖಾಲಿ ಇಲ್ಲದ್ದರಿಂದ ಬಾಗಿಲನ್ನು ಕಾಲಿನಿಂದ ತಟ್ಟಿದರು. ಬಾಗಿಲು ಸರಪಳಿಯಷ್ಟು ತೆರೆಯಿತು. ಸಂದಿಯಲ್ಲಿ ಸಾಹೇಬರ ಒಂದು ಕಣ್ಣು ಕಾಣಿಸಿ ಮಾಯವಾಯಿತು.

"ಜಾಗ ನಿಮಗೇ!" ಒಳಗಿನಿಂದ ಕೀರಲು ದನಿ ಬಂತು. "ನಿಮಗೇ ಬಿಟ್ಟಿದ್ದೀನಿ! ಡಾಕ್ಟ್ರಿಗೆ ಹೇಳಿಯಾಗಿದೆ! ಬೇಕಾದ್ರೆ ನನ್ನ ಕಾರೂ ತಗೊಳ್ಳಿ, ನನ್ನ ಬಿಟ್ಟುಬಿಡಿ!"

ನನಗೆ ಆಗ ಹೊಳೆಯಿತು. ಚಪ್ಪಲಿ, ಕಾಲರು, ಸೇಬು ಎಲ್ಲ ಒಟ್ಟಿಗೆ ಹೊಳೆಯಿತು. ಭಾವನ ಅಂಗಿ ಹಿಡಿದು ಎಳೆದೆ. ಭಾವನಿಗೆ ಏನೂ ಹೊಳೆಯಲಿಲ್ಲ. "ಜಾಗದ ವಿಷಯ ನಾಳೆಗಿರಲಿ ಸಾಹೇಬ್ರೇ," ಎಂದರು. "ಈಗ ಇದನ್ನ ನೋಡಿ. ಎರಡಕ್ಕೂ ಒಂದೇ ತೂಕ ಅಚ್ಚು ಹಾಕಿದ್ದಾರೆ. ನನಗೆ ಯಾಕೋ ಅನುಮಾನ."

ಒಳಗೆ ಸದ್ದಿಲ್ಲ.

"ಇದು ಭಾರ, ಇದು ಹಗುರ. ಡಬ್ಬೀಲಿ ಮಾತ್ರ ಒಂದೇ."

ಸಂದಿಯಲ್ಲಿ ಆ ಕಣ್ಣು ಮತ್ತೆ ಕಾಣಿಸಿತು. ಆಮೇಲೆ, ತೀರಾ ಸಣ್ಣ ದನಿಯಲ್ಲಿ, "ಎಷ್ಟು ಅಂತ ಹಾಕಿದ್ದಾರೆ?"

"ರೀ, ಬೇಡ ರೀ!" ಹೆಂಡತಿಯ ಅಳು ಕೇಳಿಸಿತು.

"ಒಂದ್ನಿಮಿಷ ಇರೇ. ತಯಾರಕರ ವಿಳಾಸ ಇದೆಯಾ ಡಬ್ಬಿ ಮೇಲೆ?"

"ಇಲ್ಲ!" ಎಂದರು ಭಾವ.

"ಇಲ್ವಾ?" ಸರಪಳಿ ಕಳಚಿತು. ಬಾಗಿಲು ತೆರೆದುಕೊಂಡಿತು. ನಿವೃತ್ತಿಯಾದ ಮೇಲೆ ಆ ಕಣ್ಣುಗಳಲ್ಲಿ ಅಂಥ ಬೆಳಕನ್ನು ಯಾರೂ ಕಂಡಿರಲಾರರು. ತಪ್ಪು ತೂಕದ ಮುಂದೆ ಅವರಿಗೆ ತಮ್ಮ ಪ್ರಾಣವೂ ಲೆಕ್ಕಕ್ಕಿರಲಿಲ್ಲ. ಚಾಕುಗಳನ್ನು ಭಾವನ ಕೈಯಿಂದ ಕಿತ್ತುಕೊಂಡೇ ಒಳಗೆ ನಡೆದರು.

ಮಂಚದ ಕೆಳಗಿನಿಂದ ಹಿತ್ತಾಳೆಯ ತಕ್ಕಡಿ ಹೊರಬಂತು. ತೂಕದ ಬಟ್ಟುಗಳ ಮರದ ಪೆಟ್ಟಿಗೆ ಬಂತು. ಇಬ್ಬರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ತೂಗಿದಾಗ ಡಬ್ಬಿಗಳೆರಡೂ ಸುಳ್ಳು ಹೇಳುತ್ತಿದ್ದವು, ಒಂದು ಹೆಚ್ಚು, ಒಂದು ಕಡಿಮೆ. ಇಬ್ಬರಿಗೂ ಆದ ಸಂತೋಷ ಅಷ್ಟಿಷ್ಟಲ್ಲ. ಸಾಹೇಬರು ಅಲಗಿನ ಉದ್ದ ಅಳೆದರು, ಲಾಕನ್ನು ಅಲ್ಲಾಡಿಸಿ ಕಿವಿಗೆ ಹಿಡಿದರು. "ಇದರ ಲಾಕು ಸಡಿಲ. ಈ ಕಬ್ಬಿಣದ್ದೇ ವಾಸಿ" ಎಂದರು. "ಆದರೆ ಅದರಲ್ಲಿ ಗರಗಸದ ಹಲ್ಲಿಲ್ವಲ್ಲ?" ಎಂದರು ಭಾವ. ವಾದ ಬೆಳೆಯಿತು. ಕೊನೆಗೆ ಸಾಹೇಬರು ತಾವೇ ಕುರ್ಚಿಯಲ್ಲಿ ಕೂತು, ತಮ್ಮ ಪ್ಯಾಂಟಿನ ಹಳೆಯ ಬೆಲ್ಟನ್ನು ಹೊಟ್ಟೆಗೆ ಬಿಗಿದು, "ಕತ್ತರಿಸಿ, ನೋಡೇಬಿಡೋಣ!" ಎಂದರು. ಅವರ ಹೆಂಡತಿ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿದರು.

ಭಾವ ಕಬ್ಬಿಣದ ಹಿಡಿಯ ಚಾಕುವನ್ನು ಬೆಲ್ಟಿನಡಿ ತೂರಿಸಿದರು. ಅಷ್ಟು ಹತ್ತಿರದಿಂದ ಆ ಹೊಟ್ಟೆಯನ್ನು ಕಂಡು ಮುಖ ಆಚೆ ತಿರುಗಿಸಿದರು, ಕಣ್ಣು ಮುಚ್ಚಿದರು, ಹೊರಮುಖವಾಗಿ ಎಳೆದರು. ಬೆಲ್ಟು ಚಕ್ಕನೆ ಎರಡಾಯಿತು. ಸಾಹೇಬರಿಗೆ ಒಂದು ಗೀರೂ ಬೀಳಲಿಲ್ಲ. ಆದರೆ ಭಾವನ ಹೆಬ್ಬೆರಳ ತುದಿಯಲ್ಲಿ ಒಂದು ಸಣ್ಣ ಕೆಂಪು ಹನಿ ಮೂಡಿತು. ಭಾವ ಅದನ್ನು ನೋಡಿದರು. "ರಕ್ತ" ಎಂದು ಮೆಲ್ಲಗೆ ಹೇಳಿ, ತಕ್ಕಡಿಯ ಪಕ್ಕದಲ್ಲೇ ಮೂರ್ಛೆ ಹೋದರು.

ನೀರು ಚಿಮುಕಿಸಿದ್ದು ಸಾಹೇಬರೇ, ಬೀಸಣಿಗೆ ಬೀಸಿದ್ದು ಅವರ ಹೆಂಡತಿ. ಬೀಸುತ್ತಲೇ ಆಕೆ ಗಂಡನ ಕಡೆ ನೋಡಿದರು, ಗಂಡ ಆಕೆಯ ಕಡೆ ನೋಡಿದರು. ಸಾಹೇಬರ ಹೊಟ್ಟೆ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕುಲುಕತೊಡಗಿತು. ವಾರವಿಡೀ ಕೇಳದಿದ್ದ ಆ ದೊಡ್ಡ ದನಿ ನಗೆಯಾಗಿ ಹೊರಟು ಇಡೀ ಕಟ್ಟಡಕ್ಕೆ ಕೇಳಿಸಿತು.

ಭಾನುವಾರದ ಸಭೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಬೆಂಚುಗಳ ಮೇಲೆ ಸೇರಿತು. ಡಾಕ್ಟರು ಭಾವನ ಕಡೆ ನೋಡದೆ, "ಜಾಗವನ್ನು ವಿಮೆಯವರಿಗೇ ಕೊಡುವುದು ಎಲ್ಲರಿಗೂ ಕ್ಷೇಮ" ಎಂದರು. ಎಲ್ಲ ಕೈಗಳೂ ಏಳುವುದರಲ್ಲಿದ್ದವು. ಅಕ್ಕ ಆಶ್ಚರ್ಯದಿಂದ ಭಾವನ ಕಡೆ ನೋಡಿದಳು. ಭಾವ ನೆಟ್ಟಗೆ ಕೂತರು. ಕಾರು ಉಳಿಯಿತು ಎಂದು ನಾನೂ ಉಸಿರು ಬಿಟ್ಟೆ.

ಅಷ್ಟರಲ್ಲಿ ತಕ್ಕಡಿ ಸಾಹೇಬರು ಎದ್ದರು.

"ಸ್ವಲ್ಪ ತಡೀರಿ. ನಾನು ಜಾಗ ಬಿಟ್ಟುಕೊಟ್ಟಿದ್ದು ಪ್ರಾಣಭಯದಿಂದ. ಈ ಮನುಷ್ಯ ನನ್ನನ್ನ ಮುಗಿಸೋಕೇ ಚಾಕು ಕೊಳ್ತಿದ್ದಾರೆ ಅಂತ ನೀವೆಲ್ಲ ಹೇಳಿದ್ರಿ. ನೆನ್ನೆ ಅದೇ ಚಾಕು ನನ್ನ ಹೊಟ್ಟೆ ಮೇಲೆ ಓಡಾಡಿತು. ಒಂದು ಹನಿ ರಕ್ತ ಕಂಡು, ಅದೂ ಅವರದ್ದೇ ರಕ್ತ, ನಮ್ಮನೆ ನೆಲದ ಮೇಲೆ ಮಲಗಿಬಿಟ್ರು. ಇಂಥ ಸಾಧು ಪ್ರಾಣಿ ಬೇರೆ ಇಲ್ಲ. ಆದ್ದರಿಂದ ಜಾಗ ನನಗೆ ಬೇಕು!"

ಎಲ್ಲರೂ ಒಟ್ಟಿಗೆ ಮಾತಾಡಿದರು, ಒಟ್ಟಿಗೆ ನಕ್ಕರು. ಎದುರುಮನೆಯವರು ಚಪ್ಪಲಿ ಮತ್ತೆ ಮೆಟ್ಟಿಲಿಗೇ ಇಡುವುದಾಗಿ ಅಲ್ಲೇ ಘೋಷಿಸಿದರು. ಕೈಗಳು ಎದ್ದವು, ಸಾಹೇಬರ ಕಡೆಗೆ. ಜಾಗ ಹೋಯಿತು.

ನಾನು ಭಾವನ ಮುಖ ನೋಡಲು ಹೆದರಿದೆ. ಒರೆಸಿ ಒರೆಸಿ ನಾಚಿಕೊಳ್ಳುತ್ತಿದ್ದ ಆ ಕಾರು ಕಣ್ಣ ಮುಂದೆ ಬಂತು. ಆದರೆ ಭಾವ ಎದ್ದು ನಿಂತು ಸಭೆಗೆ ಬೇರೆಯದೇ ಪ್ರಶ್ನೆ ಹಾಕಿದರು.

"ಅಂದ್ರೆ, ಇಡೀ ವಾರ ನೀವೆಲ್ಲ ಹೆದರಿದ್ರಾ?" ಎಂದರು. "ನನಗೆ?"

ಜನ ತಲೆ ತಗ್ಗಿಸಿದರು. ಭಾವ ಬಿಡಲಿಲ್ಲ. ಡಾಕ್ಟರ ಹತ್ತಿರ ಹೋಗಿ, "ಹೇಗೆ ಹೆದರಿದ್ರಿ ಡಾಕ್ಟ್ರೇ? ಸುಮ್ನೆ ಅಳುಕೋ, ಇಲ್ಲಾ ನಿದ್ದೆ ಬರದ ಹಾಗೋ?" ಎಂದರು. ನಿದ್ದೆ ಬರದ ಹಾಗೆ ಎಂದು ಡಾಕ್ಟರು ಒಪ್ಪಿಕೊಂಡರು. "ಕೈಕಾಲು ನಡುಗಿತಾ?" ನಡುಗಿತ್ತು. ಒಬ್ಬೊಬ್ಬರನ್ನೇ ಹೀಗೆ ವಿಚಾರಿಸುತ್ತಾ ಹೋದಂತೆ ಭಾವನ ಮುಖ ಅರಳುತ್ತಾ ಹೋಯಿತು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು, ಗಿರಾಕಿಗಳ ಬಾಗಿಲಲ್ಲಿ ನಿಂತು, ಬೈಸಿಕೊಂಡೂ ನಗುತ್ತಾ ಬಂದ ಮನುಷ್ಯ. ಅವರನ್ನು ಕಂಡು ಇಲ್ಲಿಯವರೆಗೆ ಬೆಕ್ಕೂ ದಾರಿ ಬಿಟ್ಟಿರಲಿಲ್ಲ. ಕ್ಲಿನಿಕ್ಕಿನಿಂದ ಮೆಟ್ಟಿಲು ಹತ್ತುವಾಗ ಅವರ ಎದೆ ಇಷ್ಟು ಮುಂದೆ ಬಂದಿತ್ತು.

ಮನೆ ಬಾಗಿಲಲ್ಲಿ ನನ್ನ ಕಡೆ ತಿರುಗಿ, ಸ್ವಲ್ಪ ಸಂಕೋಚದಿಂದ, "ನೀನೂ ಹೆದರಿದ್ಯೇನೋ? ಕುರ್ಚಿಗೆ ಕಟ್ಟಿದಾಗ?" ಎಂದು ಕೇಳಿದರು.

"ಜೀವ ಬಾಯಿಗೆ ಬಂದಿತ್ತು ಭಾವ," ಎಂದೆ.

ಆಮೇಲೆ ಅವರು ಅಕ್ಕನ ಕಡೆ ನೋಡಿದರು. ಕೇಳುವ ಧೈರ್ಯ ಸಾಲಲಿಲ್ಲ. ದೂರು ಕೌಂಟರಿನಲ್ಲಿ ಊರಿನ ಗೂಂಡಾಗಳನ್ನೂ ಸಾಲಿನಲ್ಲಿ ನಿಲ್ಲಿಸುವ ನಮ್ಮಕ್ಕ ಬೀಗಕ್ಕೆ ಕೀಲಿ ತೂರಿಸಿದಳು.

"ನನಗೂ ಒಂಚೂರು ಹೆದರಿಕೆ ಆಗಿತ್ತು," ಎಂದಳು, ಬೀಗವನ್ನೇ ನೋಡುತ್ತಾ. ಆಮೇಲೆ ಬಾಗಿಲು ತಳ್ಳಿ, "ಕಾರು ಮಾರೋದೇನೂ ಬೇಡ. ಎಳ್ಕೊಂಡು ಹೋಗೋ ಗಾಡಿ ಬಂದ್ರೆ ನನ್ನ ಕೂಗಿ, ನಾನು ಕೆಳಗೆ ಬಂದು ಮಾತಾಡ್ತೀನಿ" ಎಂದಳು.